ಎದೆಹಾಲೂ ಬೇಕು, ಗಟ್ಟಿ ಊಟವೂ ಬೇಕು: ಆರರಿಂದ ಇಪ್ಪತ್ನಾಲ್ಕು ತಿಂಗಳ ಮಗುವಿನ ಆಹಾರ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಯಾವುದೇ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ನಡವಳಿ ಪುಸ್ತಕವನ್ನು ತೆರೆದು ನೋಡಿದರೂ ಚರಂಡಿ, ಬೀದಿದೀಪ, ಕುಡಿಯುವ ನೀರು, ಸಿ.ಸಿ. ರಸ್ತೆ, ಇ-ಸ್ವತ್ತು ಮುಂತಾದ ವಿಷಯಗಳ ಮೇಲೆ ಪುಟಗಟ್ಟಲೆ ಚರ್ಚೆ ದಾಖಲಾಗಿರುತ್ತದೆ. ಎಂಟು ತಿಂಗಳ ಮಗುವೊಂದು ದಿನಕ್ಕೆ ಏನನ್ನು, ಎಷ್ಟು ಬಾರಿ, ಯಾವ ಹದದಲ್ಲಿ ಉಣ್ಣುತ್ತದೆ ಎಂಬ ವಿಷಯ ಅಲ್ಲಿ ಕಾಣುವುದು ಅಪರೂಪ. ಅದು ಮನೆಯೊಳಗಿನ ಸಂಗತಿ, ಹೆಂಗಸರ ಸಂಗತಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಆ ಮಗುವಿನ ತಾಯಿ ಬೆಳಿಗ್ಗೆ ಕೂಲಿಗೆ ಹೋಗುವ ಕಾಮಗಾರಿ ಪಂಚಾಯಿತಿಯದು, ಅದರ ಗಂಜಿಗೆ ಬಳಸುವ ನೀರು ಪಂಚಾಯಿತಿಯ ನಲ್ಲಿಯದು, ಅದನ್ನು ತೂಗುವ ಅಂಗನವಾಡಿಯ ಕಟ್ಟಡದ ದುರಸ್ತಿಯೂ ಎಷ್ಟೋ ಕಡೆ ಪಂಚಾಯಿತಿಯದೇ. ಆದ್ದರಿಂದ ಈ ಪಾಠ.

ಕೆಲವು ಅಂಕಿಗಳನ್ನು ಮೊದಲು ನೋಡೋಣ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಇದೇ ಸಮೀಕ್ಷೆಯಲ್ಲಿ, ಇಡೀ ದೇಶದ 6ರಿಂದ 23 ತಿಂಗಳ ಮಕ್ಕಳ ಪೈಕಿ ಸಮರ್ಪಕವಾದ ಆಹಾರ ದೊರೆಯುತ್ತಿದ್ದುದು ಕೇವಲ ಶೇ 11.3ರಷ್ಟು ಮಕ್ಕಳಿಗೆ. ಎತ್ತರದಲ್ಲಿ ಆಗುವ ಈ ಹಿನ್ನಡೆಯ ಬಹುಪಾಲು ಎರಡು ವರ್ಷ ತುಂಬುವುದರೊಳಗೇ ಆಗಿಹೋಗಿರುತ್ತದೆ. ಮೂರು ವರ್ಷಕ್ಕೆ ಅಂಗನವಾಡಿಗೆ ಬಂದು ಕುಳಿತ ಮೇಲೆ ಎಷ್ಟೇ ಮೊಟ್ಟೆ, ಹಾಲು ಕೊಟ್ಟರೂ ಕಳೆದುಹೋದದ್ದನ್ನು ಪೂರ್ತಿಯಾಗಿ ಮರಳಿ ಪಡೆಯುವುದು ಕಷ್ಟ. ಅಂದರೆ ನಾವು ಅತ್ಯಂತ ಕಡಿಮೆ ಗಮನ ಕೊಡುವ ವಯಸ್ಸೇ ಅತ್ಯಂತ ನಿರ್ಣಾಯಕವಾದ ವಯಸ್ಸು.

ಮೊದಲ ಆರು ತಿಂಗಳ ವಿಷಯದಲ್ಲಿ ಸಂದೇಶ ಸರಳ: ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ಆಶಾ ಕಾರ್ಯಕರ್ತೆಯರು ಇದನ್ನು ಮನೆಮನೆಗೂ ಮುಟ್ಟಿಸಿದ್ದಾರೆ. ತೊಡಕು ಆರಂಭವಾಗುವುದು ಆರು ತಿಂಗಳು ತುಂಬಿದ ಮೇಲೆ. ಆಗ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕು. ಒಂದು ಮನೆಯಲ್ಲಿ ಹಾಲೇ ಸಾಕೆಂದು ಹತ್ತು ತಿಂಗಳವರೆಗೂ ಊಟ ಹಾಕುವುದಿಲ್ಲ. ಪಕ್ಕದ ಮನೆಯಲ್ಲಿ ಊಟ ಆರಂಭವಾಯಿತೆಂದು ಹಾಲು ಬಿಡಿಸುತ್ತಾರೆ. ಎರಡೂ ತಪ್ಪು. ಆದರೆ ಈ ಎರಡಕ್ಕಿಂತ ಹೆಚ್ಚು ವ್ಯಾಪಕವಾದ, ಕಣ್ಣಿಗೆ ಕಾಣದ ಮೂರನೆಯ ತಪ್ಪೊಂದಿದೆ. ಈ ಪಾಠದ ಮುಖ್ಯ ವಿಷಯ ಅದೇ.

ಹಾಲು ಎಷ್ಟು, ಊಟ ಎಷ್ಟು

ಮಗುವಿಗೆ ದಿನಕ್ಕೆ ಬೇಕಾದ ಶಕ್ತಿಯನ್ನು ಕಿಲೋ ಕ್ಯಾಲರಿಗಳಲ್ಲಿ ಅಳೆಯುತ್ತಾರೆ. 6ರಿಂದ 8 ತಿಂಗಳಲ್ಲಿ ಒಟ್ಟು ಸುಮಾರು 600, 9ರಿಂದ 11 ತಿಂಗಳಲ್ಲಿ ಸುಮಾರು 700, ಒಂದು ವರ್ಷದಿಂದ ಎರಡು ವರ್ಷದವರೆಗೆ ಸುಮಾರು 900 ಕಿಲೋ ಕ್ಯಾಲರಿ ಬೇಕು. ಸಾಧಾರಣ ಪ್ರಮಾಣದಲ್ಲಿ ಎದೆಹಾಲು ಕುಡಿಯುವ ಮಗುವಿಗೆ ಇದರಲ್ಲಿ ಊಟದಿಂದ ಬರಬೇಕಾದದ್ದು ಕ್ರಮವಾಗಿ 200, 300 ಮತ್ತು 550 ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಗಳು ಹೇಳುತ್ತವೆ. ಉಳಿದದ್ದು ತಾಯಿಯ ಹಾಲಿನಿಂದ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಬೇಕು. ಎಂಟು ತಿಂಗಳ ಮಗುವಿಗೆ ಮೂರರಲ್ಲಿ ಎರಡು ಪಾಲು ಶಕ್ತಿ ಇನ್ನೂ ಎದೆಹಾಲಿನಿಂದಲೇ ಬರುತ್ತಿದೆ. ಒಂದೂವರೆ ವರ್ಷದ ಮಗುವಿಗೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅಲ್ಲಿಂದಲೇ ಬರುತ್ತದೆ. “ಆರು ತಿಂಗಳಾದ ಮೇಲೆ ಹಾಲು ನೀರಾಗುತ್ತದೆ, ಅದರಲ್ಲಿ ಸತ್ವವಿರುವುದಿಲ್ಲ” ಎಂಬ ಮಾತಿಗೆ ಆಧಾರವಿಲ್ಲ. ಎದೆಹಾಲಿನ ಶಕ್ತಿ 100 ಮಿಲಿಲೀಟರಿಗೆ 65ರಿಂದ 70 ಕಿಲೋ ಕ್ಯಾಲರಿಯಷ್ಟು. ಎರಡನೇ ವರ್ಷದಲ್ಲೂ ಅದು ಕೊಬ್ಬು, ಸಸಾರಜನಕ ಹಾಗೂ ರೋಗನಿರೋಧಕ ಅಂಶಗಳಿಂದ ಕೂಡಿದ ಆಹಾರವೇ. ಆರು ತಿಂಗಳಾದ ಮೇಲೆ ಅದೊಂದೇ ಸಾಲದು ಎಂಬುದು ನಿಜ. ಹಾಲು ಕೆಟ್ಟಿತೆಂದಲ್ಲ, ಮಗು ಬೆಳೆಯಿತೆಂದು. ಆದ್ದರಿಂದಲೇ ಈ ಊಟಕ್ಕೆ ಪೂರಕ ಆಹಾರ ಎಂಬ ಹೆಸರು. ಪೂರಕ ಎಂದರೆ ತುಂಬಿಕೊಡುವುದು, ಒಂದನ್ನು ಹೊರದೂಡಿ ಅದರ ಜಾಗದಲ್ಲಿ ಕೂರುವುದಲ್ಲ.

ತೆಳು ಗಂಜಿಯ ಲೆಕ್ಕ

ಈಗ ಆ ಮೂರನೆಯ ತಪ್ಪಿಗೆ ಬರೋಣ. ನಮ್ಮ ರಾಗಿ ಸೀಮೆಯ ಮನೆಗಳಲ್ಲಿ ಮಗುವಿಗೆ ರಾಗಿ ಗಂಜಿ ಕುಡಿಸುತ್ತಾರೆ. ಗಂಟಲಿಗೆ ಸಿಕ್ಕೀತು, ಜೀರ್ಣವಾಗಲಿಕ್ಕಿಲ್ಲ ಎಂಬ ಭಯದಿಂದ ಅದನ್ನು ನೀರಾಗಿ ಮಾಡುತ್ತಾರೆ. ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರಿಗೆ ಹಾಕಿ ಕುದಿಸಿದರೆಂದು ಇಟ್ಟುಕೊಳ್ಳಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋ ಕ್ಯಾಲರಿ ಶಕ್ತಿ ಇದೆ. ಆ ಲೆಕ್ಕದಲ್ಲಿ ಇಡೀ ಲೋಟದ ಗಂಜಿಯಲ್ಲಿ ಇರುವುದು 32 ಮಾತ್ರ. ಅಷ್ಟೇ ಪ್ರಮಾಣದ ಎದೆಹಾಲಿನಲ್ಲಿ 130ಕ್ಕೂ ಹೆಚ್ಚು ಇರುತ್ತದೆ.

ಮಗುವಿನ ಹೊಟ್ಟೆ ಚಿಕ್ಕದು. ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರಿನ ಲೆಕ್ಕದಲ್ಲಿ, ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಮ್ಮೆಗೆ ಹಿಡಿಯುವುದು 240 ಮಿಲಿಲೀಟರ್. ಒಂದು ಲೋಟ ತೆಳು ಗಂಜಿ ಕುಡಿದರೆ ಹೊಟ್ಟೆ ತುಂಬಿತು, ಮಗು ನಿದ್ದೆ ಹೋಯಿತು, ಮನೆಯವರಿಗೆ ನೆಮ್ಮದಿಯಾಯಿತು. ಮುಂದಿನ ಒಂದೆರಡು ಗಂಟೆ ಮಗು ಹಾಲು ಕೇಳುವುದಿಲ್ಲ. ಮಗು ಕಡಿಮೆ ಚೀಪಿದರೆ ತಾಯಿಯ ಹಾಲಿನ ಉತ್ಪತ್ತಿಯೂ ಕಡಿಮೆಯಾಗುತ್ತದೆ. ಕೊಟ್ಟದ್ದು 32, ತಪ್ಪಿಸಿದ್ದು 130. ಊಟ ಹಾಕಿದೆವೆಂದು ನಾವು ತಿಳಿದೆವು; ಲೆಕ್ಕದಲ್ಲಿ ಮಗು ಸುಮಾರು ನೂರು ಕಿಲೋ ಕ್ಯಾಲರಿಯಷ್ಟು ಊಟವನ್ನು ಕಳೆದುಕೊಂಡಿತು. ಗಂಜಿಯ ತಿಳಿ, ಬೇಳೆ ಕಟ್ಟು, ತರಕಾರಿ ಬೇಯಿಸಿದ ನೀರು, ನೀರು ಬೆರೆಸಿದ ಹಸುವಿನ ಹಾಲು, ಟೀಯಲ್ಲಿ ಅದ್ದಿದ ಬಿಸ್ಕತ್ತು ಇವೆಲ್ಲವೂ ಹೆಚ್ಚು ಕಡಿಮೆ ಇದೇ ವರ್ಗದವು.

ಇದರಿಂದ ನೆನಪಿಡಬಹುದಾದ ಒಂದು ನಿಯಮ ಹೊರಡುತ್ತದೆ. ಮಗುವಿಗೆ ಕೊಡುವ ಊಟದಲ್ಲಿ ಅಷ್ಟೇ ಪ್ರಮಾಣದ ಎದೆಹಾಲಿಗಿಂತ ಹೆಚ್ಚು ಶಕ್ತಿ ಇರಬೇಕು. ಇಲ್ಲದಿದ್ದರೆ ಆ ಊಟ ಹಾಲಿಗೆ ಪೂರಕವಾಗುವ ಬದಲು ಹಾಲಿನ ಪಾಲನ್ನು ಕಿತ್ತುಕೊಳ್ಳುತ್ತದೆ. ಕಾಂಕ್ರೀಟಿಗೆ ನೀರು ಹೆಚ್ಚಾದರೆ ಸುರಿಯಲು ಸುಲಭ, ಬಲ ಕಡಿಮೆ ಎಂಬುದು ಸಿ.ಸಿ. ರಸ್ತೆ ಕಾಮಗಾರಿಯನ್ನು ನಿಂತು ನೋಡಿದ ಸದಸ್ಯರಿಗೆಲ್ಲ ಗೊತ್ತು. ಗುತ್ತಿಗೆದಾರರನ್ನು ನಾವು ಆ ಕಾರಣಕ್ಕೆ ತರಾಟೆಗೆ ತೆಗೆದುಕೊಳ್ಳುತ್ತೇವೆ. ಎಂಜಿನಿಯರಿಂಗ್ ಓದಿದ ನನಗೆ ಮಗುವಿನ ಗಂಜಿಯ ವಿಷಯ ಬೇಗ ಅರ್ಥವಾದದ್ದು ಈ ಹೋಲಿಕೆಯಿಂದಲೇ. ಆದರೆ ಮನೆಯಲ್ಲಿ ಗಂಜಿ ಕಾಯಿಸುವ ಅಜ್ಜಿಯನ್ನು ಯಾರೂ ತರಾಟೆಗೆ ತೆಗೆದುಕೊಳ್ಳಬೇಕಾಗಿಲ್ಲ. ಆಕೆ ಮಾಡುತ್ತಿರುವುದು ಪ್ರೀತಿಯಿಂದ. ಲೆಕ್ಕ ತಿಳಿಸಿದರೆ ಸಾಕು.

ಈಗ ಅದೇ ಬಟ್ಟಲನ್ನು ಸರಿಪಡಿಸೋಣ. ಮೂರು ದೊಡ್ಡ ಚಮಚ ರಾಗಿ ಹಿಟ್ಟು, ಒಂದು ದೊಡ್ಡ ಚಮಚ ಹುರಿದು ಪುಡಿ ಮಾಡಿದ ಹೆಸರುಬೇಳೆ, ಇಳಿಸುವಾಗ ಒಂದು ಸಣ್ಣ ಚಮಚ ತುಪ್ಪ ಅಥವಾ ಎಣ್ಣೆ. ಇಷ್ಟನ್ನು ಹಾಕಿ 200 ಮಿಲಿಲೀಟರ್ ಸರಿ ತಯಾರಿಸಿದರೆ ಅದರಲ್ಲಿ ಸುಮಾರು 175 ಕಿಲೋ ಕ್ಯಾಲರಿ ಇರುತ್ತದೆ. ಎಂಟು ತಿಂಗಳ ಮಗುವಿಗೆ ಇದನ್ನು ಎರಡು ಹೊತ್ತಿಗೆ ಹಂಚಿ ಉಣಿಸಿ, ನಡುವೆ ಹಿಸುಕಿದ ಅರ್ಧ ಬಾಳೆಹಣ್ಣು ಕೊಟ್ಟರೆ ದಿನದ ಊಟದ ಪಾಲು ತುಂಬಿದಂತೆಯೇ. ಹಾಲು ತನ್ನ ಪಾಡಿಗೆ ಮುಂದುವರಿಯುತ್ತದೆ. ಹದ ನೋಡುವ ಬಗೆ ಹೀಗೆ: ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿದಾಗ ಊಟ ಚಮಚದಲ್ಲೇ ನಿಲ್ಲಬೇಕು, ನೀರಿನಂತೆ ಸುರಿದುಹೋಗಬಾರದು. ಬೆಲ್ಲ, ಸಕ್ಕರೆ ಹಾಕುವ ಅಗತ್ಯವಿಲ್ಲ. ಸಿಹಿಯ ರುಚಿ ಹತ್ತಿದ ಮಗು ಮುಂದೆ ಸೊಪ್ಪು, ಬೇಳೆಯನ್ನು ಒಲ್ಲೆನೆನ್ನುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಮಗುವಿನ ಕರುಳಿನಲ್ಲಿ ವಿಷವನ್ನು ಉಂಟುಮಾಡಬಲ್ಲದು.

ಮೊಳಕೆ ರಾಗಿಯ ವಿಶೇಷ

ಗಟ್ಟಿಯಾಗಿ ಮಾಡಿದರೆ ಮಗು ನುಂಗುವುದಿಲ್ಲ ಎಂಬ ಅಜ್ಜಿಯರ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಸಾದಾ ರಾಗಿ ಹಿಟ್ಟನ್ನು ಹೆಚ್ಚು ಹಾಕಿದರೆ ಅದು ಮುದ್ದೆಯಂತೆ ಬಿಗಿಯುತ್ತದೆ. ಇದಕ್ಕೆ ನಮ್ಮ ಹಿರಿಯರೇ ಕಂಡುಕೊಂಡ ಪರಿಹಾರ ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಒಂದೆರಡು ದಿನದಲ್ಲಿ ಮೊಳಕೆ ಒಡೆದ ಮೇಲೆ ಒಣಗಿಸಿ, ಹದವಾಗಿ ಬೆಚ್ಚಗೆ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟು ಇದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಸರಿ ಬಿಗಿಯುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ನುಂಗುವ ಹದದಲ್ಲೇ ಉಳಿಯುತ್ತದೆ. ಜೊತೆಗೆ, ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುವ ಫೈಟೇಟ್ ಎಂಬ ವಸ್ತುವೂ ಮೊಳಕೆಯಿಂದ ಕಡಿಮೆಯಾಗುತ್ತದೆ.

ಎರಡು ಎಚ್ಚರಿಕೆಗಳಿವೆ. ಮೊಳಕೆ ರಾಗಿಯನ್ನು ಕಪ್ಪಾಗುವಂತೆ ಹುರಿದರೆ ಆ ಕಿಣ್ವ ನಾಶವಾಗಿ ಪ್ರಯೋಜನವೇ ಉಳಿಯುವುದಿಲ್ಲ. ಇನ್ನೊಂದು, ಓರೆ ಚಮಚದ ಪರೀಕ್ಷೆ ಮೊಳಕೆ ಹಿಟ್ಟಿಗೆ ಸರಿಹೊಂದುವುದಿಲ್ಲ. ಅದು ತೆಳುವಾಗಿ ಕಂಡರೂ ಸತ್ವ ಇರಬಹುದು. ಅಲ್ಲಿ ಹಿಟ್ಟಿನ ಚಮಚಗಳನ್ನೇ ಎಣಿಸಬೇಕು. ಅಂಗನವಾಡಿಯಿಂದ ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳ ಮನೆಗೆ ಕೊಡುವ ಪುಷ್ಟಿಗೂ ಈ ಲೆಕ್ಕ ಅನ್ವಯಿಸುತ್ತದೆ. ಈ ವಯಸ್ಸಿನ ಮಗುವಿಗೆ ದಿನಕ್ಕೆ 500 ಕಿಲೋ ಕ್ಯಾಲರಿ ಹಾಗೂ 12ರಿಂದ 15 ಗ್ರಾಂ ಸಸಾರಜನಕ ಒದಗಿಸಬೇಕೆಂಬುದು ಯೋಜನೆಯ ಮಾನದಂಡ. ಆದರೆ ಆ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗಿ, ಮಗುವಿಗೆ ಒಂದು ಚಮಚ ನೀರಾಗಿ ಬಂದರೆ ಮಾನದಂಡ ಕಾಗದದಲ್ಲೇ ಉಳಿಯಿತು.

ಶಕ್ತಿಯೊಂದೇ ಅಲ್ಲ, ಕಬ್ಬಿಣವೂ

ಮಗು ಹುಟ್ಟುವಾಗ ತಾಯಿಯ ಗರ್ಭದಿಂದ ಕಬ್ಬಿಣದ ದಾಸ್ತಾನನ್ನು ತಂದುಕೊಂಡಿರುತ್ತದೆ. ಅದು ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ. ತಾಯಿಗೇ ರಕ್ತಹೀನತೆ ಇದ್ದರೆ ಅಥವಾ ಮಗು ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಇನ್ನೂ ಬೇಗ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಹಸುವಿನ ಹಾಲಿನಲ್ಲೂ ಅಷ್ಟೇ. ಒಂದು ವರ್ಷದೊಳಗೆ ಹಸುವಿನ ಹಾಲನ್ನೇ ಮುಖ್ಯ ಪಾನೀಯವಾಗಿ ಕೊಟ್ಟರೆ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಸರಿ ಕೊರತೆ ಹೆಚ್ಚಾಗುವುದೂ ಉಂಟು. ಆದ್ದರಿಂದ ಆರು ತಿಂಗಳ ನಂತರದ ಕಬ್ಬಿಣದ ಬಹುಪಾಲು ತಟ್ಟೆಯಿಂದಲೇ ಬರಬೇಕು. ಮೊಟ್ಟೆ, ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿದ ಕೋಳಿ, ಕುರಿಯ ಮಾಂಸ, ಈಲಿ, ಮುಳ್ಳು ತೆಗೆದ ಮೀನು, ಇವು ಉತ್ತಮ. ತಿನ್ನದ ಮನೆಗಳಲ್ಲಿ ಹೆಸರು, ಹುರುಳಿ, ಅಲಸಂದೆ, ಅವರೆಬೇಳೆ, ನುಗ್ಗೆಸೊಪ್ಪು ಇವುಗಳನ್ನು ಬೇಯಿಸಿ ಹಿಸುಕಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಟೀ ಅದಕ್ಕೆ ನೇರ ವಿರೋಧಿ.

ಊಟದ ಜೊತೆಗೆ ಔಷಧಿಯ ನೆರವೂ ಇದೆ. 2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ಪನ್ನು ಉಚಿತವಾಗಿ ನೀಡಲಾಗುತ್ತದೆ. ಬಾಟಲಿ ಮನೆಗೆ ತಲುಪಿದೆಯೇ ಎಂಬುದಕ್ಕಿಂತ, ಖಾಲಿಯಾಗುತ್ತಿದೆಯೇ ಎಂದು ಕೇಳುವುದು ಮೇಲು. ಮಲ ಕಪ್ಪಾಗುತ್ತದೆಂದು ಹೆದರಿ ಗೂಡಿನಲ್ಲಿಟ್ಟು ಮರೆತ ಬಾಟಲಿಗಳು ಎಷ್ಟೋ ಮನೆಗಳಲ್ಲಿವೆ. ಅದು ಸಹಜ, ಅಪಾಯವಿಲ್ಲ.

ಆಹಾರದ ವೈವಿಧ್ಯವನ್ನು ಅಳೆಯಲು ಎಂಟು ಗುಂಪುಗಳ ಎಣಿಕೆ ಇದೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಬೀಜಗಳು, ಹಾಲು, ಮೊಸರು, ಮಾಂಸ, ಮೀನು, ಮೊಟ್ಟೆ, ಕುಂಬಳ, ಪರಂಗಿ, ಸೊಪ್ಪಿನಂತಹ ಎ ಜೀವಸತ್ವದ ಹಣ್ಣು ತರಕಾರಿ, ಇತರ ಹಣ್ಣು ತರಕಾರಿ. ದಿನಕ್ಕೆ ಇವುಗಳಲ್ಲಿ ಕನಿಷ್ಠ ಐದು ಇರಬೇಕು. ಎದೆಹಾಲೂ ಒಂದು ಗುಂಪೆಂದು ಎಣಿಸಲ್ಪಡುವುದನ್ನು ಗಮನಿಸಿ. ಹಾಲು ಬಿಡಿಸಿದ ಮನೆ ಒಂದು ಅಂಕವನ್ನು ಮೊದಲೇ ಕಳೆದುಕೊಂಡಿರುತ್ತದೆ.

ಹೊತ್ತು, ಹದ, ಹಾಲಿನ ಸರದಿ

ಆರು ತಿಂಗಳು ತುಂಬಿದಾಗ ಎರಡು ಮೂರು ಚಮಚದಿಂದ ಆರಂಭ. 8 ತಿಂಗಳವರೆಗೆ ದಿನಕ್ಕೆ ಎರಡು ಮೂರು ಹೊತ್ತು. ಅನಂತರ ಮೂರು ನಾಲ್ಕು ಹೊತ್ತು, ನಡುವೆ ಒಂದೆರಡು ಬಾರಿ ಹಣ್ಣು ಅಥವಾ ತಿಂಡಿ. ಪ್ರಮಾಣವನ್ನು 250 ಮಿಲಿಲೀಟರ್ ಬಟ್ಟಲಿನ ಲೆಕ್ಕದಲ್ಲಿ ಹೇಳುವುದಾದರೆ 8 ತಿಂಗಳ ಹೊತ್ತಿಗೆ ಪ್ರತಿ ಹೊತ್ತಿಗೆ ಅರ್ಧ ಬಟ್ಟಲು, 9ರಿಂದ 11 ತಿಂಗಳಲ್ಲಿ ಅರ್ಧದಿಂದ ಮುಕ್ಕಾಲು, ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಪೂರ್ತಿ ಬಟ್ಟಲು. ಹದವೂ ಬದಲಾಗಬೇಕು: ಮೊದಲು ಹಿಸುಕಿದ್ದು, 8 ತಿಂಗಳ ಹೊತ್ತಿಗೆ ಕೈಯಲ್ಲಿ ಹಿಡಿದು ತಿನ್ನುವಂತಹ ಮೃದುವಾದ ತುಂಡುಗಳು, ವರ್ಷಕ್ಕೆ ಮನೆಯ ಅಡುಗೆಯೇ, ಖಾರ ಹಾಕುವ ಮುನ್ನ ತೆಗೆದಿಟ್ಟದ್ದು. ಮಿಕ್ಸಿಯಲ್ಲಿ ರುಬ್ಬಿದ್ದನ್ನೇ ಒಂದೂವರೆ ವರ್ಷದವರೆಗೆ ಕೊಟ್ಟರೆ ಮಗು ಅಗಿಯುವುದನ್ನು ಕಲಿಯುವುದಿಲ್ಲ. ಇಡೀ ಕಡಲೆಕಾಯಿ ಬೀಜ, ಹುರಿಗಾಳು, ಗಟ್ಟಿ ತುಂಡುಗಳು ಮಾತ್ರ ಬೇಡ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ.

ಮೊದಲು ಹಾಲೋ, ಮೊದಲು ಊಟವೋ ಎಂದು ತಾಯಂದಿರು ಕೇಳುತ್ತಾರೆ. ಇದಕ್ಕೆ ಕಟ್ಟುನಿಟ್ಟಿನ ನಿಯಮವಿಲ್ಲ. ಆರಂಭದಲ್ಲಿ ಹಸಿವಿನಿಂದ ಅಳುವ ಮಗು ಹೊಸ ರುಚಿಗೆ ಒಪ್ಪುವುದಿಲ್ಲವಾದ್ದರಿಂದ ಸ್ವಲ್ಪ ಹಾಲು ಕುಡಿಸಿ, ಸಮಾಧಾನವಾದ ಮೇಲೆ ಊಟ ಹಾಕುವುದು ಅನುಕೂಲ. ವರ್ಷದ ಸಮೀಪಕ್ಕೆ ಬಂದ ಮಗು ಹಾಲಿನಿಂದಲೇ ಹೊಟ್ಟೆ ತುಂಬಿಸಿಕೊಂಡು ತಟ್ಟೆ ತಳ್ಳುತ್ತಿದ್ದರೆ ಸರದಿಯನ್ನು ತಿರುಗಿಸಿ ನೋಡಬಹುದು. ಮಗುವಿಗೆ ಪ್ರತ್ಯೇಕ ತಟ್ಟೆ ಇಡಬೇಕು. ದೊಡ್ಡವರ ತಟ್ಟೆಯಿಂದ ತುತ್ತು ಕೊಡುವ ಮನೆಯಲ್ಲಿ ಅದು ಎಷ್ಟು ತಿಂದಿತೆಂದು ಯಾರಿಗೂ ತಿಳಿಯುವುದಿಲ್ಲ. ಬಾಯಿ ಹಿಡಿದು ತುರುಕುವುದು, ಮೊಬೈಲ್ ತೋರಿಸಿ ಉಣಿಸುವುದು ಎರಡೂ ಬೇಡ.

ಕೂಲಿಗೆ ಹೋಗುವ ತಾಯಿಯ ವಿಷಯದಲ್ಲಿ ಈ ಸಮತೋಲನ ಇನ್ನಷ್ಟು ಕಠಿಣ. ಆಕೆ ಮನೆಯಲ್ಲಿರುವ ಹೊತ್ತನ್ನು ಹಾಲಿಗೂ, ಇಲ್ಲದ ಹೊತ್ತನ್ನು ಊಟಕ್ಕೂ ಮೀಸಲಿಟ್ಟರೆ ಬಹುಪಾಲು ಹೊಂದುತ್ತದೆ: ನಸುಕಿನಲ್ಲಿ, ಹೊರಡುವ ಮುನ್ನ, ಮರಳಿದ ಕೂಡಲೇ, ರಾತ್ರಿ ಎಚ್ಚರವಾದಾಗಲೆಲ್ಲ ಹಾಲು. ರಾತ್ರಿಯ ಹಾಲೇ ಇಂತಹ ಮಗುವಿನ ದೊಡ್ಡ ಆಧಾರ. ಅದನ್ನು ಬಿಡಿಸಲು ಆತುರಪಡಬಾರದು. ಹಿಂಡಿ ತೆಗೆದ ಹಾಲನ್ನು ಶುಚಿಯಾದ ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ತಂಪಾದ ಕಡೆ ಇಟ್ಟು ನಾಲ್ಕು ಗಂಟೆಯೊಳಗೆ ಬಟ್ಟಲು ಚಮಚದಿಂದಲೋ ಒಳಲೆಯಿಂದಲೋ ಕುಡಿಸಬಹುದು. ನಿಪ್ಪಲ್ ಬಾಟಲಿ ಬೇಡ. ಅದನ್ನು ಸರಿಯಾಗಿ ತೊಳೆಯುವುದು ಕಷ್ಟ, ಭೇದಿಗೆ ಅದೇ ದಾರಿ. ಶಿಶು ಹಾಲಿನ ಪುಡಿ, ಹಾಲೂಡಿಸುವ ಬಾಟಲಿ ಹಾಗೂ ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರಗಳ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಲಾಗಿದೆ. ಊರಿನ ಅಂಗಡಿಯ ಗೋಡೆಗೆ ಅಂತಹ ಭಿತ್ತಿಪತ್ರ ಅಂಟಿದ್ದರೆ ಸದಸ್ಯರು ಆಕ್ಷೇಪಿಸಬಹುದು.

ನಂಬಿಕೆಗಳ ಬಗ್ಗೆ

ಅನ್ನಪ್ರಾಶನವನ್ನು ಗಂಡು ಮಗುವಿಗೆ ಸಮ ತಿಂಗಳಲ್ಲಿ, ಹೆಣ್ಣು ಮಗುವಿಗೆ ಬೆಸ ತಿಂಗಳಲ್ಲಿ ಮಾಡುವ ಪದ್ಧತಿ ಹಲವು ಮನೆಗಳಲ್ಲಿದೆ. ಇದರ ಪರಿಣಾಮವಾಗಿ ಹೆಣ್ಣು ಮಗುವಿಗೆ ಐದನೆಯ ತಿಂಗಳಲ್ಲೇ ಅನ್ನ ತಿನ್ನಿಸುವುದೋ, ಏಳು ತುಂಬಲೆಂದು ಕಾಯುವುದೋ ಆಗುತ್ತದೆ. ಮಗುವಿನ ಕರುಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. 180 ದಿನ ತುಂಬುವುದೇ ಇಬ್ಬರಿಗೂ ಮುಹೂರ್ತ. ಶಾಸ್ತ್ರವನ್ನು ಬೇಕಾದ ದಿನ ಇಟ್ಟುಕೊಳ್ಳಲಿ, ಊಟವನ್ನು ಮಾತ್ರ ಆ ದಿನಕ್ಕೆ ಕಟ್ಟಿಹಾಕಬಾರದು. ಹಲ್ಲು ಬಂದ ಮೇಲೆ ಊಟ ಎನ್ನುವುದೂ ಹಾಗೆಯೇ. ಒಸಡಿನಿಂದಲೇ ಮಗು ಮೃದುವಾದ ಆಹಾರವನ್ನು ಹಿಸುಕಬಲ್ಲದು.

ತಾಯಿ ಮತ್ತೆ ಗರ್ಭಿಣಿಯಾದ ಕೂಡಲೇ ಹಾಲು ವಿಷವಾಗುತ್ತದೆಂದು ಬಿಡಿಸುವುದುಂಟು. ಹಾಲು ವಿಷವಾಗುವುದಿಲ್ಲ. ಸಾಮಾನ್ಯ ಗರ್ಭಾವಸ್ಥೆಯಲ್ಲಿ ಮುಂದುವರಿಸಬಹುದು. ತಾಯಿಗೆ ಹೆಚ್ಚಿನ ಊಟ ಬೇಕು, ತೊಂದರೆಯಿದ್ದರೆ ವೈದ್ಯರ ಸಲಹೆ ಬೇಕು. ಬೇವಿನ ಸೊಪ್ಪು ಅರೆದು ಹಚ್ಚಿ ಒಂದೇ ದಿನದಲ್ಲಿ ಹಾಲು ಬಿಡಿಸುವ ಕ್ರಮದಿಂದ ಮಗು ಹಾಲನ್ನೂ ಊಟವನ್ನೂ ಒಟ್ಟಿಗೆ ಬಿಟ್ಟು ಸೊರಗುತ್ತದೆ. ಎರಡು ವರ್ಷದವರೆಗೆ, ತಾಯಿ ಮಗು ಬಯಸಿದರೆ ಅನಂತರವೂ ಹಾಲುಣಿಸಬಹುದು. ಬಿಡಿಸುವಾಗ ವಾರಗಟ್ಟಲೆ ತೆಗೆದುಕೊಂಡು, ಒಂದೊಂದೇ ಹೊತ್ತನ್ನು ಕಡಿಮೆ ಮಾಡುವುದು ಸರಿ.

ಭೇದಿಯಾದಾಗ ಹೊಟ್ಟೆಗೆ ವಿಶ್ರಾಂತಿ ಕೊಡಬೇಕೆಂದು ಊಟ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯಕಾರಿ. ಎದೆಹಾಲನ್ನು ಹೆಚ್ಚು ಬಾರಿ, ಓ.ಆರ್.ಎಸ್. ದ್ರಾವಣ, 14 ದಿನ ಸತು ಮಾತ್ರೆ, ಮೃದುವಾದ ಊಟ ಸ್ವಲ್ಪ ಸ್ವಲ್ಪವಾಗಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚುವರಿ ಊಟ. ಮಗು ಮಂಕಾದರೆ, ಏನೂ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆ.

ಪಂಚಾಯಿತಿಯ ಕೆಲಸ

ನರೇಗಾ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 2023-24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಯನ್ನು ಘೋಷಿಸಿತು. ತಮ್ಮ ಪಂಚಾಯಿತಿಯಲ್ಲಿ ಅದು ಇದ್ದರೆ ಗೋಡೆಯ ಬಣ್ಣ, ಆಟಿಕೆಗಳನ್ನು ನೋಡಿ ಹಿಂದಿರುಗಬೇಡಿ. ಊಟದ ಹೊತ್ತಿಗೆ ಹೋಗಿ ಚಮಚ ಓರೆ ಮಾಡಿ ನೋಡಿ. ಸರಿಯಲ್ಲಿ ಬೇಳೆ, ಎಣ್ಣೆ ಬಿದ್ದಿದೆಯೇ, ಮೊಳಕೆ ಹಿಟ್ಟಾದರೆ ಎಷ್ಟು ಚಮಚ ಎಂದು ಕೇಳಿ. ವರ್ಷದೊಳಗಿನ ಮಗುವಿನ ತಾಯಿ ಮಧ್ಯಾಹ್ನ ಬಂದು ಹಾಲೂಡಿಸಿ ಹೋಗಲು ಆಗುತ್ತಿದೆಯೇ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಕಾಮಗಾರಿಯ ಸ್ಥಳ ಮೂರು ಕಿಲೋಮೀಟರ್ ದೂರದ ಕೆರೆಯಂಗಳದಲ್ಲಿದ್ದರೆ ಆಕೆ ಬರಲಾರಳು. ಹಾಲೂಡಿಸುವ ತಾಯಂದಿರಿಗೆ ಊರ ಹತ್ತಿರದ ಕೆಲಸವನ್ನು ಹಂಚುವಂತೆ ಸಭೆಯಲ್ಲಿ ಸೂಚಿಸಲು ಸದಸ್ಯರಿಗೆ ಯಾವ ಅಡ್ಡಿಯೂ ಇಲ್ಲ. ಕಾಮಗಾರಿ ಸ್ಥಳಕ್ಕೆ ಐದು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬರುತ್ತಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ಕೊಟ್ಟು ನೇಮಿಸಬೇಕೆಂದು ನರೇಗಾ ಕಾಯ್ದೆಯ ಎರಡನೇ ಅನುಸೂಚಿಯೇ ಹೇಳಿದೆ. ಹಾಜರಿ ಪಟ್ಟಿಯಲ್ಲಿ ಆ ಹೆಸರು ಎಷ್ಟು ಕಡೆ ಇದೆ ಎಂಬುದನ್ನು ತಾವೇ ಪರಿಶೀಲಿಸಬಹುದು.

ಸದಸ್ಯರೇ ಅಧ್ಯಕ್ಷತೆ ವಹಿಸುವ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ತಿಂಗಳಿಗೊಮ್ಮೆ ನಡೆಯುವ ಆರೋಗ್ಯ, ಪೌಷ್ಟಿಕತೆ ದಿನದಂದು ಒಳ್ಳೆಯ ಅವಕಾಶವಿದೆ. ಭಾಷಣದ ಬದಲು ಎರಡು ಬಟ್ಟಲು ಸಾಕು: ಒಂದರಲ್ಲಿ ಒಂದು ಚಮಚ ಹಿಟ್ಟಿನ ಗಂಜಿ, ಇನ್ನೊಂದರಲ್ಲಿ ಮೂರು ಚಮಚದ ಸರಿ. ಅಜ್ಜಿಯಂದಿರನ್ನೂ, ಸಾಧ್ಯವಾದರೆ ಗಂಡಸರನ್ನೂ ಕರೆಯಿರಿ. ಹಗಲು ಮಗುವಿಗೆ ಉಣಿಸುವವರು ಹೆಚ್ಚಾಗಿ ತಾಯಿಯಲ್ಲ, ಅಜ್ಜಿ. ಆಶಾ ಕಾರ್ಯಕರ್ತೆ 3, 6, 9, 12 ಮತ್ತು 15ನೇ ತಿಂಗಳುಗಳಲ್ಲಿ ಮನೆಭೇಟಿ ನೀಡಬೇಕು. ಈ ಪೈಕಿ 6 ಮತ್ತು 9ನೇ ತಿಂಗಳ ಭೇಟಿಗಳು ತಪ್ಪದಂತೆ ನೋಡಿಕೊಂಡರೆ ಊಟ ಆರಂಭವಾಗುವ ಹಂತ ಕೈತಪ್ಪುವುದಿಲ್ಲ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಆರು ತಿಂಗಳವರೆಗೆ ಏರಿದ ಗೆರೆ ಅನಂತರ ಅಡ್ಡಲಾಗಿ ಮಲಗಿದ್ದರೆ ಮೊದಲು ವಿಚಾರಿಸಬೇಕಾದದ್ದು ಗಂಜಿಯ ಹದವನ್ನು.

ಕೊನೆಯದಾಗಿ, ಕಡತದಲ್ಲಿ ಕಾಣದ ಒಂದು ಸಂದು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ ಆಗುತ್ತದೆ. ತಾಯಿ ಮಗು ಗಂಡನ ಮನೆಗೆ ಮರಳುವುದು ಸಾಮಾನ್ಯವಾಗಿ ಐದರಿಂದ ಏಳು ತಿಂಗಳ ನಡುವೆ, ಅಂದರೆ ಪೂರಕ ಆಹಾರ ಆರಂಭವಾಗಬೇಕಾದ ಸಮಯದಲ್ಲೇ. ತವರಿನ ಅಂಗನವಾಡಿಯ ಪಟ್ಟಿಯಿಂದ ಹೆಸರು ಹೋಗಿ, ಗಂಡನ ಊರಿನ ಪಟ್ಟಿಗೆ ಬರುವಷ್ಟರಲ್ಲಿ ಒಂದೆರಡು ತಿಂಗಳು ಕಳೆದಿರುತ್ತದೆ. ಆ ಅವಧಿಯಲ್ಲಿ ಪುಷ್ಟಿಯೂ ಇಲ್ಲ, ತೂಕವೂ ಇಲ್ಲ, ಮನೆಭೇಟಿಯೂ ಇಲ್ಲ. ತಮ್ಮ ವಾರ್ಡಿಗೆ ಕೂಸಿನೊಂದಿಗೆ ಸೊಸೆ ಮರಳಿ ಬಂದ ಸುದ್ದಿ ಅಂಗನವಾಡಿ ಕಾರ್ಯಕರ್ತೆಗಿಂತ ಮೊದಲು ತಮಗೇ ತಿಳಿಯುತ್ತದೆ. ಎಷ್ಟೋ ಬಾರಿ ಆ ಮನೆಯ ಊಟಕ್ಕೂ ತಮಗೆ ಕರೆಯಿರುತ್ತದೆ. ಅಂದೇ ತಾಯಿ ಕಾರ್ಡಿನೊಂದಿಗೆ ಹೆಸರು ನೋಂದಾಯಿಸುವಂತೆ ಮನೆಯವರಿಗೆ ತಿಳಿಸಿ, ಕಾರ್ಯಕರ್ತೆಗೆ ಫೋನು ಮಾಡುವುದು. ಮಾಸಿಕ ಸಭೆಯಲ್ಲಿ ಪ್ರತಿ ಅಂಗನವಾಡಿಯಿಂದ ‘ಈ ತಿಂಗಳು 180 ದಿನ ತುಂಬಿದ ಮಕ್ಕಳು’ ಮತ್ತು ‘ಹೊರ ಊರಿನಿಂದ ಬಂದ ಮಕ್ಕಳು’ ಎಂಬ ಎರಡು ಸಾಲುಗಳ ಮಾಹಿತಿ ತರಿಸಿ ನಡವಳಿಯಲ್ಲಿ ದಾಖಲಿಸಲು ಕೋರಲಾಗಿದೆ.